ಕಾಫಿ ತೋಟದಲ್ಲಿ ಹಕ್ಕಿ, ಜೇನು, ಪ್ರಾಣಿಗಳಿಗೂ ಜಾಗ ಉಳಿಸುವುದು ಹೇಗೆ

ಇದು ಮಲೆನಾಡು, ಕೊಡಗಿನ ಕಾಫಿ ಬೆಳೆಗಾರರಿಗೆ. ಐದು ಎಕರೆ ಇರಲಿ, ಐವತ್ತು ಎಕರೆ ಇರಲಿ, ಹೇಳುವ ವಿಷಯ ಒಂದೇ. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಭಾಗ ಬರುವುದು ಕರ್ನಾಟಕದಿಂದ, ಅದೂ ಹೆಚ್ಚುಕಡಿಮೆ ಎಲ್ಲಾ ಕೊಡಗು, ಚಿಕ್ಕಮಗಳೂರು, ಹಾಸನ ಈ ಮೂರೇ ಜಿಲ್ಲೆಗಳಿಂದ. ಈ ತೋಟಗಳು ಎಲ್ಲಿವೆ ನೋಡಿ. ಮೇಲೆ ಭದ್ರಾ, ಪಕ್ಕದಲ್ಲಿ ಕುದುರೆಮುಖ, ಕೆಳಗೆ ಪುಷ್ಪಗಿರಿ, ಬ್ರಹ್ಮಗಿರಿ, ನಾಗರಹೊಳೆ. ಕಾಡಿಗೂ ಕಾಡಿಗೂ ನಡುವೆ ಬಿದ್ದಿರುವುದು ನಮ್ಮ ತೋಟ. ಮಂಗಟ್ಟೆ ಹಕ್ಕಿ, ಹೆಜ್ಜೇನು, ಕಬ್ಬೆಕ್ಕು, ಆನೆ ಎಲ್ಲವೂ ಇದರೊಳಗಿಂದಲೇ ಓಡಾಡಬೇಕು, ಬೇರೆ ದಾರಿ ಇಲ್ಲ.

ಇದಕ್ಕೆ ಹೊಸ ಕೆಲಸ ತುಂಬಾ ಏನೂ ಬೇಕಾಗಿಲ್ಲ. ಹೇಗೂ ಪ್ರತಿ ವರ್ಷ ಮಾಡುವ ಮರಗಸಿ (ನೆರಳು ಮರಗಳ ಕೊಂಬೆ ಸವರುವುದು), ಕಳೆ, ಔಷಧಿ, ನೀರಿನ ಕೆಲಸಗಳನ್ನೇ ಸ್ವಲ್ಪ ಬೇರೆ ರೀತಿ ಮಾಡಬೇಕು. ಯಾವುದನ್ನು ಕಡಿಯದೆ, ಕೊಚ್ಚದೆ ಬಿಡಬೇಕು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಮರಗಳ ಲೆಕ್ಕ ಬರೆಯಿರಿ

ಕೊಯ್ಲು ಮುಗಿದು ಸ್ವಲ್ಪ ಬಿಡುವು ಸಿಗುವ ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ನೋಟ್‌ಬುಕ್ ಹಿಡಿದು ತೋಟ ಸುತ್ತಿ. ಒಬ್ಬರೇ ಹೋಗಬೇಡಿ. ನಿಮ್ಮ ತೋಟದಲ್ಲಿ ಹಳಬರು ಯಾರಾದರೂ ಇದ್ದೇ ಇರುತ್ತಾರೆ, ಮೇಸ್ತ್ರಿಯೋ, ಮರ ಹತ್ತುವವರೋ, ಲೈನ್ ಮನೆಯ (ಕೆಲಸದವರ ಸಾಲು ಮನೆ) ಅಜ್ಜಿಯೋ. ಅವರನ್ನು ಕರೆದುಕೊಂಡು ಹೋಗಿ. ನಮಗೆ 'ಕಾಡುಮರ' ಅಂತ ಕಾಣುವುದಕ್ಕೆಲ್ಲ ಅವರ ಹತ್ತಿರ ಹೆಸರು ಇರುತ್ತದೆ, ಯಾವಾಗ ಹಣ್ಣು ಬಿಡುತ್ತದೆ, ಯಾವ ಹಕ್ಕಿ ಬರುತ್ತದೆ ಅನ್ನುವುದೂ ಗೊತ್ತಿರುತ್ತದೆ. ದೊಡ್ಡ ಮರಗಳಿಗೆ ಬಣ್ಣದಲ್ಲಿ ನಂಬರ್ ಹಾಕಿ. ಪುಸ್ತಕದಲ್ಲಿ ಹೆಸರು, ಸುತ್ತಳತೆ, ಪೊಟರೆ ಇದೆಯಾ, ಹೆಜ್ಜೇನು ಕೂರುತ್ತದೆಯಾ, ಮೆಣಸಿನ ಬಳ್ಳಿ ಇದೆಯಾ, ಇಷ್ಟು ಬರೆದರೆ ಸಾಕು.

ಈ ಪಟ್ಟಿ ಇಲ್ಲದೆ ಮರಗಸಿಗೆ ಜನ ಬಿಟ್ಟರೆ ಏನು ಕಡಿಯಬೇಕು ಅನ್ನುವುದನ್ನು ಕತ್ತಿ ಹಿಡಿದವರೇ ತೀರ್ಮಾನ ಮಾಡುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ, ಹೇಳಬೇಕಾದವರು ನಾವು.

ಪಟ್ಟಿಯಲ್ಲಿ ಕೆಲವು ಮರಗಳಿಗೆ ಕೆಂಪು ಗುರುತು ಹಾಕಿ. ಇವಕ್ಕೆ ಕತ್ತಿ ತಾಗಬಾರದು.

ಅತ್ತಿ, ಬಸರಿ, ಗೋಣಿ, ಆಲ ಮೊದಲ ಸಾಲಿನಲ್ಲಿ ಬರುತ್ತವೆ. ನೇರಳೆ, ಹಲಸು, ಧೂಪ ಎಲ್ಲಾ ತಮ್ಮ ತಮ್ಮ ಕಾಲಕ್ಕೆ ಹಣ್ಣು ಬಿಟ್ಟು ಮುಗಿಸುತ್ತವೆ. ಆದರೆ ಅತ್ತಿಯ ಜಾತಿಯ ಮರಗಳು ಒಂದೊಂದೂ ಒಂದೊಂದು ತಿಂಗಳಲ್ಲಿ ಹಣ್ಣಾಗುತ್ತವೆ. ಒಂದೇ ಊರಿನ ಎರಡು ಬಸರಿ ಮರಗಳೂ ಒಟ್ಟಿಗೆ ಹಣ್ಣಾಗಬೇಕು ಅಂತಿಲ್ಲ. ಹಾಗಾಗಿ ಕಾಡಿನಲ್ಲಿ ಬೇರೆ ಏನೂ ಸಿಗದ ದಿನಗಳಲ್ಲೂ ಮಂಗಟ್ಟೆ, ಕುಟ್ರು, ಹಸಿರು ಪಾರಿವಾಳ, ಪಿಕಳಾರ, ಕೆಂದಳಿಲು, ರಾತ್ರಿ ಹೊತ್ತು ಬಾವಲಿ, ಕಬ್ಬೆಕ್ಕು ಎಲ್ಲಾ ಈ ಮರಗಳಿಗೆ ಬಂದು ಹೊಟ್ಟೆ ತುಂಬಿಸಿಕೊಳ್ಳುತ್ತವೆ. ಹತ್ತು ಎಕರೆಯಲ್ಲಿ ನಾಲ್ಕೈದು ಅತ್ತಿ, ಬಸರಿ ಇದ್ದರೆ ಆ ತೋಟದ ಸದ್ದೇ ಬೇರೆ. ನೆರಳಿಗೂ ಹಳೆ ಬೆಳೆಗಾರರು ಇವನ್ನೇ ಮೆಚ್ಚುತ್ತಿದ್ದರು, ಎಲೆ ಬೇಗ ಕೊಳೆತು ಗೊಬ್ಬರವಾಗುತ್ತದೆ.

ಎರಡನೆಯದು ಪೊಟರೆ ಇರುವ ಮರ. ಮಂಗಟ್ಟೆ ಗೂಡು ಕಟ್ಟುವ ಹಕ್ಕಿ ಅಲ್ಲ, ದೊಡ್ಡ ಮರದ ಪೊಟರೆಯೇ ಅದಕ್ಕೆ ಗೂಡು. ಹೆಣ್ಣು ಒಳಗೆ ಕೂತು ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ, ಸಣ್ಣ ಸಂದಿಯಲ್ಲಿ ಗಂಡು ವಾರಗಟ್ಟಲೆ ಹಣ್ಣು ತಂದು ಕೊಡುತ್ತದೆ. ಇಂಥ ಪೊಟರೆ ಆಗಲು ಮರಕ್ಕೆ ತುಂಬಾ ವಯಸ್ಸಾಗಿರಬೇಕು. ಕಡಿದರೆ ನಮ್ಮ ಮಕ್ಕಳ ಕಾಲಕ್ಕೂ ಅದಕ್ಕೆ ಬದಲಿ ಸಿಗುವುದಿಲ್ಲ. ಪೊಟರೆ ಇದೆ, ಮರ ಹಾಳು ಅಂತ ಕಡಿಯುವ ಅಭ್ಯಾಸ ಇದೆಯಲ್ಲ, ಅದನ್ನು ದಯವಿಟ್ಟು ಬಿಡಿ.

ಮೂರನೆಯದು ಒಣಗಿ ನಿಂತ ಮರ. ಕರೆಂಟ್ ಲೈನ್, ರಸ್ತೆ, ಲೈನ್ ಮನೆ, ಕಣದ ಹತ್ತಿರ ಇದ್ದರೆ ತೆಗೆಸಲೇಬೇಕು, ಜೀವದ ಪ್ರಶ್ನೆ. ಉಳಿದ ಕಡೆ ಒಂದೆರಡು ಬಿಟ್ಟುಬಿಡಿ. ಕುಟ್ರು, ಮರಕುಟಿಗ ತೂತು ಕೊರೆಯುವುದು ಒಣ ಮರದಲ್ಲಿ, ಒಣ ಕೊಂಬೆಯಲ್ಲಿ. ಅವು ಬಿಟ್ಟು ಹೋದ ತೂತಿಗೆ ಮಡಿವಾಳ, ಮೈನಾ, ಸಣ್ಣ ಗೂಬೆ ಬರುತ್ತವೆ. ಕೆಳಗೆ ಕಾಫಿ ಕೊಯ್ಯುವವರು ಇರುತ್ತಾರೆ ಅನ್ನುವುದು ನೆನಪಿರಲಿ, ಅಲುಗಾಡುವ ಮರವಾದರೆ ಬೇಡ.

ಸಿಲ್ವರ್ ಓಕ್ ವಿಷಯ

ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ. ನೆಟ್ಟಗೆ ಬೆಳೆಯುತ್ತದೆ, ಮೆಣಸು ಹಬ್ಬಿಸಲು ಸುಲಭ, ಹದಿನೈದು ಇಪ್ಪತ್ತು ವರ್ಷಕ್ಕೆ ದುಡ್ಡಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕಡಿಯಲು ಅನುಮತಿಗೆ ಅಲೆಯಬೇಕಾಗಿಲ್ಲ. ಬೀಟೆ, ಹೊನ್ನೆ, ನಂದಿಯಂಥ ನಾಡಮರ ಕಡಿಯಬೇಕಾದರೆ 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಅರಣ್ಯ ಇಲಾಖೆಯ ಅನುಮತಿ ಬೇಕು, ಸಿಲ್ವರ್ ಓಕ್‌ಗೆ ಆ ಕಾಯ್ದೆಯಲ್ಲಿ ವಿನಾಯಿತಿ ಇದೆ. ಕಾಡುಮರ ಉಳಿಸಲು ಬಂದ ಕಾನೂನಿನಿಂದಲೇ ಜನ ಕಾಡುಮರ ನೆಡಲು ಹೆದರುವಂತಾಗಿದೆ. ಇದು ಬೆಳೆಗಾರರ ತಪ್ಪು ಅಂತ ನಾನು ಹೇಳುವುದಿಲ್ಲ.

ಆದರೂ ಪೂರ್ತಿ ತೋಟ ಸಿಲ್ವರ್ ಓಕ್ ಆದರೆ ಏನಾಗುತ್ತದೆ? ಹೂವಿಗೆ ಜೇನು ಬರುತ್ತದೆ, ಅದು ನಿಜ. ತಿನ್ನುವ ಹಣ್ಣಿಲ್ಲ. ಪೊಟರೆ ಆಗುವಷ್ಟು ವಯಸ್ಸಾಗಲು ನಾವೇ ಬಿಡುವುದಿಲ್ಲ. ಎಲೆ ಬೇಗ ಕೊಳೆಯುವುದಿಲ್ಲ. ನೆರಳೂ ತೆಳು. ಅರೇಬಿಕಾ ಜಾತಿಯ ಕಾಫಿ ಬೆಳೆಯುವವರಿಗೆ ಈ ತೆಳು ನೆರಳು ನೇರವಾಗಿ ನಷ್ಟ, ಯಾಕೆಂದರೆ ಬಿಳಿ ಕಾಂಡಕೊರಕದ ದುಂಬಿಗೆ ಬಿಸಿಲು ಬಿದ್ದ ಗಿಡ ಅಂದರೆ ಇಷ್ಟ. ಬಿಸಿಲಲ್ಲಿ ಕಾದ ಕಾಂಡದ ತೊಗಟೆ ಬಿರುಕಿನಲ್ಲಿ ಅದು ಮೊಟ್ಟೆ ಇಡುತ್ತದೆ. ನೆರಳು ಸರಿಯಾಗಿದ್ದ ಕಡೆ ಕೊರಕ ಕಡಿಮೆ, ಇದನ್ನು ಪ್ರತಿ ಅರೇಬಿಕಾ ಬೆಳೆಗಾರ ಕಣ್ಣಾರೆ ನೋಡಿದ್ದಾನೆ.

ಹಾಗಂತ ಎಲ್ಲಾ ಸಿಲ್ವರ್ ಓಕ್ ಒಂದೇ ವರ್ಷ ಕಡಿಸಬೇಡಿ. ಬಿಸಿಲು ಬಿದ್ದು ಕಾಫಿ ಸುಟ್ಟು ಹೋಗುತ್ತದೆ, ಮೆಣಸೂ ಹೋಗುತ್ತದೆ. ಬಳ್ಳಿ ಸೊರಗಿ ಸತ್ತ ಮರ ಯಾವುದು, ಬಳ್ಳಿಗೆ ವಯಸ್ಸಾದ ಮರ ಯಾವುದು ಅಂತ ನೋಡಿ ಆ ಮರಗಳಿಂದ ಶುರು ಮಾಡಿ. ಕಡಿಯುವುದಕ್ಕೆ ನಾಲ್ಕೈದು ವರ್ಷ ಮುಂಚೆಯೇ ಪಕ್ಕದಲ್ಲಿ ನಾಡಮರದ ಸಸಿ ಎದ್ದಿರಬೇಕು. ಮೇಲಿನ ಚಪ್ಪರದ ದೊಡ್ಡ ಮರಗಳ ನಡುವೆ ಸುಮಾರು 40 ಅಡಿ ಅಂತರ ಇದ್ದರೆ ಸಾಕು, ಕೆಳಗಿನ ನೆರಳನ್ನು ಹಾಲವಾಣ ನೋಡಿಕೊಳ್ಳುತ್ತದೆ. ಇನ್ನೊಂದು ಜಾತಿಯಾದ ರೋಬಸ್ಟಾಗೆ ಅರೇಬಿಕಾದಷ್ಟು ನೆರಳು ಬೇಡ, ಅಲ್ಲಿ ಮರಗಳ ಸಂಖ್ಯೆ ಕಡಿಮೆ ಇದ್ದರೂ ಜಾತಿಗಳು ಜಾಸ್ತಿ ಇರಲಿ.

ಮೆಣಸಿಗೆ ಸಿಲ್ವರ್ ಓಕ್ ಒಂದೇ ಗತಿ ಅನ್ನುವುದೂ ಸರಿಯಲ್ಲ. ಹಲಸು, ಹಾಲವಾಣದ ಮೇಲೆ ಬಳ್ಳಿ ಚೆನ್ನಾಗಿ ಹಿಡಿಯುತ್ತದೆ. ನಂದಿ ಮರಕ್ಕೆ ಮಾತ್ರ ಹಬ್ಬಿಸಬೇಡಿ, ಅದರ ತೊಗಟೆ ಸುಲಿದು ಬೀಳುತ್ತದೆ.

ದುಡ್ಡು ಕೊಡದೆ ಸಿಗುವ ಸಸಿಗಳು

ನನ್ನನ್ನು ಕೇಳಿದರೆ ಇಡೀ ಲೇಖನದಲ್ಲಿ ಇದೇ ಮುಖ್ಯ. ಹಕ್ಕಿ, ಬಾವಲಿ, ಕಬ್ಬೆಕ್ಕು ಹಣ್ಣು ತಿಂದು ಬೀಜ ಹಾಕಿ ಹೋಗಿರುತ್ತವೆ. ಮಳೆ ಶುರುವಾದ ಮೇಲೆ ಕಾಫಿ ಗಿಡದ ಬುಡದಲ್ಲಿ, ಬೇಲಿ ಸಾಲಿನಲ್ಲಿ, ಹಳ್ಳದ ದಂಡೆಯಲ್ಲಿ ನೇರಳೆ, ಸಂಪಿಗೆ, ಧೂಪ, ಬಸರಿ ಸಸಿಗಳು ತಾವಾಗಿಯೇ ಏಳುತ್ತವೆ. ಆ ಮಣ್ಣು, ಆ ಮಳೆಗೆ ಒಗ್ಗಿದ ಸಸಿಗಳು ಅವು. ನರ್ಸರಿಯಿಂದ ತಂದು ನೆಟ್ಟಿದ್ದಕ್ಕಿಂತ ಗಟ್ಟಿ. ಆಮೇಲೆ ಕಳೆ ಕೊಚ್ಚುವವರು ಬರುತ್ತಾರೆ, ವೀಡ್ ಕಟರ್ ತಿರುಗುತ್ತದೆ, ಎಲ್ಲಾ ಹೋಗುತ್ತದೆ. ಪ್ರತಿ ವರ್ಷ ಹೀಗೆ ಮಾಡಿ, ನೆರಳು ಕಡಿಮೆಯಾಯಿತು ಅಂತ ಮತ್ತೆ ಸಿಲ್ವರ್ ಓಕ್ ಸಸಿ ದುಡ್ಡು ಕೊಟ್ಟು ತರುತ್ತೇವೆ.

ಮಾಡಬೇಕಾದ್ದು ಇಷ್ಟು. ಕಳೆಗೆ ಆಳು ಬಿಡುವ ಮುಂಚೆ ಮರದ ಸಸಿ ಗುರುತಿಸಬಲ್ಲ ಒಬ್ಬರನ್ನು ಒಂದು ದಿನ ಮುಂದೆ ಕಳಿಸಿ. ಬೇಕಾದ ಸಸಿ ಸಿಕ್ಕಿದಲ್ಲೆಲ್ಲ ಎದೆಯೆತ್ತರದ ಬಿದಿರು ಗೂಟ ನೆಟ್ಟು ಕೆಂಪು ಬಟ್ಟೆ ಚೂರು ಕಟ್ಟಲಿ. ಗೂಟದ ಸುತ್ತ ಒಂದು ಮೊಳ ಜಾಗ ಕೈಯಲ್ಲೇ ಬಿಡಿಸಬೇಕು, ಯಂತ್ರ ತಾಗಿಸಬಾರದು ಅಂತ ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರಿಗೂ ಮೇಸ್ತ್ರಿಗೂ ಮೊದಲೇ ಹೇಳಿ. ಎಲ್ಲಾ ಸಸಿ ಉಳಿಸಬೇಕಾಗಿಲ್ಲ. ಕಾಫಿ ಸಾಲಿನ ನಡುವೆ, ನೆರಳು ಕಡಿಮೆ ಇರುವ ಕಡೆ, ಕರೆಂಟ್ ಲೈನ್‌ನಿಂದ ದೂರ ಇರುವುದನ್ನು ಆರಿಸಿಕೊಳ್ಳಿ. ಮೂರನೇ ಮಳೆಗಾಲ ದಾಟಿದರೆ ಮತ್ತೆ ಅದರ ಚಿಂತೆ ಇಲ್ಲ.

ನೆಡಲೇಬೇಕಾದರೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಮೇ ತಿಂಗಳ ಒಳಗೆ ವಿಚಾರಿಸಿ, ಜೂನ್‌ನಲ್ಲಿ ಮಳೆ ಹಿಡಿದ ಕೂಡಲೇ ಒಂದೂವರೆ ಅಡಿ ಗುಂಡಿಯಲ್ಲಿ ನೆಡಿ. ಒಂದೇ ಜಾತಿ ತರಬೇಡಿ. ಹೂ ಬಿಡುವ ಕಾಲ ನೋಡಿ ಆರಿಸಿ. ಬೂರುಗ ಬೇಸಿಗೆ ಶುರುವಿನಲ್ಲೇ ಹೂ ಬಿಡುತ್ತದೆ, ನೇರಳೆ ಮಾರ್ಚ್ ನಂತರ, ನಂದಿ ಏಪ್ರಿಲ್, ಮೇ ಹೊತ್ತಿಗೆ, ಹೊನ್ನೆ ಮಳೆ ಕಡಿಮೆಯಾದ ಮೇಲೆ. ಇದ್ಯಾಕೆ ಅಂತ ಜೇನಿನ ವಿಷಯ ಬಂದಾಗ ಹೇಳುತ್ತೇನೆ. ಹಳದಿ ಹೂ ಚೆಂದ ಅಂತ ಸೆನ್ನಾ ಮಾತ್ರ ತಂದು ನೆಡಬೇಡಿ. ಬಂಡೀಪುರ, ನಾಗರಹೊಳೆ, ವಯನಾಡಿನ ಕಾಡಿನಲ್ಲಿ ಅದು ಹಬ್ಬಿ ಬೇರೆ ಗಿಡ ಏಳದಂತೆ ಮಾಡಿದೆ.

ಕಳೆನಾಶಕ ಹೊಡೆಯುವವರಿಗೆ ಒಂದು ಮಾತು. ಆಳು ಸಿಗುವುದಿಲ್ಲ, ಕೂಲಿ ಜಾಸ್ತಿ, ಎಲ್ಲಾ ಗೊತ್ತು. ಆದರೆ ಅದು ಹೊಡೆದ ಕಡೆ ಸಸಿ ಏಳುವುದಿಲ್ಲ, ಮಣ್ಣು ಬರಿದಾಗಿ ಇಳಿಜಾರಿನಲ್ಲಿ ಮೊದಲ ಮಳೆಗೇ ಕೊಚ್ಚಿ ಹೋಗುತ್ತದೆ. ವೀಡ್ ಕಟರ್‌ನಲ್ಲಿ ನಾಲ್ಕು ಬೆರಳು ಎತ್ತರ ಬಿಟ್ಟು ಸವರಿ, ಸೊಪ್ಪು ಅಲ್ಲೇ ಬಿದ್ದಿರಲಿ. ಇಳಿಜಾರಿಗೆ ಅಡ್ಡ ತೊಟ್ಟಿಲು ಗುಂಡಿ ತೆಗೆಸಿದರೆ ನೀರೂ ನಿಲ್ಲುತ್ತದೆ, ಎಲೆಯೂ ನಿಲ್ಲುತ್ತದೆ.

ಮರಗಸಿ ಮಾಡುವಾಗ

ಮರಗಸಿ ಬೇಡ ಅಂತ ಯಾರೂ ಹೇಳುವುದಿಲ್ಲ. ಮಳೆಗಾಲದಲ್ಲಿ ಬೆಳಕು, ಗಾಳಿ ಆಡದಿದ್ದರೆ ಕಾಯಿ ಕೊಳೆತು ಉದುರುತ್ತದೆ. ತೊಂದರೆ ಏನೆಂದರೆ, ನಾವು ಮಳೆಗೆ ಮುಂಚೆ ಮರಗಸಿ ಮಾಡಿಸುವ ಹೊತ್ತಿಗೇ ಬಹಳ ಹಕ್ಕಿಗಳ ಗೂಡಿನಲ್ಲಿ ಮರಿ ಇರುತ್ತದೆ. ಮಂಗಟ್ಟೆಯದು ಜನವರಿಯಿಂದ ಮೇ ವರೆಗೂ ನಡೆಯುತ್ತದೆ. ಅದಕ್ಕೇ ಮರ ಹತ್ತುವವರಿಗೆ ಮೊದಲೇ ಹೇಳಿ, ಗೂಡು ಕಂಡರೆ ಆ ಕೊಂಬೆ ಬಿಟ್ಟು ಇಳಿಯಲಿ, ಬಿಟ್ಟಿದ್ದಕ್ಕೆ ಕೂಲಿ ಹಿಡಿಯಬೇಡಿ. ಪೊಟರೆಗೆ ಹಕ್ಕಿ ಹೋಗಿ ಬರುತ್ತಿದ್ದರೆ ಆ ಮರವನ್ನೇ ಆ ವರ್ಷ ಮುಟ್ಟಬೇಡಿ.

ತಲೆ ಕಡಿಯುವುದು ಬೇಡವೇ ಬೇಡ. ಕೆಳಗಿನ ಅಡ್ಡ ಕೊಂಬೆಗಳನ್ನು ತೆಗೆದು ಚಪ್ಪರವನ್ನು ಮೇಲಕ್ಕೆ ಎತ್ತಬೇಕು. ಪಕ್ಕಪಕ್ಕದ ಮರಗಳ ಕೊಂಬೆ ಒಂದಕ್ಕೊಂದು ತಾಗಿರುವ ಕಡೆ ಒಂದೆರಡು ಸಾಲು ಹಾಗೇ ಉಳಿಸಿ, ಕಾಡಿನ ಅಂಚಿನಿಂದ ತೋಟದ ಒಳಗಿನವರೆಗೂ. ಕೆಂದಳಿಲು ನೆಲಕ್ಕೆ ಇಳಿಯಲು ಹೆದರುತ್ತದೆ, ಕಾಡುಪಾಪಕ್ಕೆ ನೆಲದ ಮೇಲೆ ಓಡಲು ಬರುವುದೇ ಇಲ್ಲ. ಎರಡಕ್ಕೂ ಕೊಂಬೆಯೇ ರಸ್ತೆ.

ರೋಬಸ್ಟಾ ಹೂ ಮತ್ತು ಜೇನು

ಅರೇಬಿಕಾ ತನ್ನ ಹೂವಿನ ಪರಾಗದಲ್ಲೇ ಕಾಯಿ ಕಟ್ಟುತ್ತದೆ. ರೋಬಸ್ಟಾ ಹಾಗಲ್ಲ, ಅದಕ್ಕೆ ಬೇರೆ ಗಿಡದ ಪರಾಗ ಬೇಕು. ಗಾಳಿ ಸ್ವಲ್ಪ ಮಟ್ಟಿಗೆ ತರುತ್ತದೆ, ಉಳಿದಿದ್ದು ಜೇನಿನ ಕೆಲಸ. ಹೆಜ್ಜೇನು, ತುಡುವೆ, ಮುಜಂಟಿ ಎಲ್ಲವೂ ಬರುತ್ತವೆ. ಹೂಮಳೆ ಬಿದ್ದು ಅಥವಾ ಸ್ಪ್ರಿಂಕ್ಲರ್ ಕೊಟ್ಟು ಒಂದು ವಾರ, ಹತ್ತು ದಿನದೊಳಗೆ ಹೂ ಅರಳುತ್ತದೆ, ಎರಡು ಮೂರು ದಿನದಲ್ಲಿ ಮುಗಿದೇ ಹೋಗುತ್ತದೆ. ಆ ಎರಡು ಮೂರು ದಿನ ತೋಟದಲ್ಲಿ ಜೇನು ಇರಲೇಬೇಕು. ವರ್ಷದ ಫಸಲು ನಿಂತಿರುವುದು ಅಲ್ಲಿ.

ಉಳಿದ ದಿನಗಳಲ್ಲಿ ಜೇನು ಏನು ತಿನ್ನಬೇಕು? ಅದಕ್ಕೇ ಬೇರೆ ಬೇರೆ ತಿಂಗಳಲ್ಲಿ ಹೂ ಬಿಡುವ ಮರ ಇರಲಿ ಅಂದಿದ್ದು. ಹೆಜ್ಜೇನು ಕೂರುವ ದೊಡ್ಡ ಮರ ಇದ್ದರೆ ಪುಣ್ಯ. ಬೆಂಕಿ ಹಾಕಿ ಜೇನು ಇಳಿಸುವವರನ್ನು ತೋಟಕ್ಕೆ ಸೇರಿಸಬೇಡಿ. 1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ಜೇನುಹುಳುಗಳ ರೋಗ ಬಂದು ಕೊಡಗು, ಮಲೆನಾಡಿನ ತುಡುವೆ ಪೆಟ್ಟಿಗೆಗಳು ಖಾಲಿಯಾಗಿ ಹೋದವು, ಎಷ್ಟೋ ಮನೆಯವರು ಆಮೇಲೆ ಪೆಟ್ಟಿಗೆ ಇಡುವುದನ್ನೇ ಬಿಟ್ಟರು. ಈಗ ಮತ್ತೆ ಇಡಬಹುದು, ನಾಲ್ಕು ಪೆಟ್ಟಿಗೆ ಇಟ್ಟು ನೋಡಿ.

ನೀರು ಕೊಟ್ಟ ದಿನದಿಂದ ಹೂ ಒಣಗುವ ತನಕ ಯಾವ ಕೀಟನಾಶಕವನ್ನೂ ಹೊಡೆಯಬೇಡಿ, ಕಾಫಿಗೂ ಬೇಡ, ಪಕ್ಕದ ಅಡಿಕೆ, ಏಲಕ್ಕಿಗೂ ಬೇಡ.

ಕೊರಕಕ್ಕೆ ಔಷಧಿ ಬೇಡವಾ ಅಂತ ಕೇಳುತ್ತೀರಿ. ಔಷಧಿಗೆ ಮುಂಚೆ ಮಾಡುವ ಕೆಲಸ ಬೇಕಾದಷ್ಟಿದೆ. ಕಾಂಡಕೊರಕದ ದುಂಬಿ ಹಾರುವುದು ಏಪ್ರಿಲ್, ಮೇಯಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ. ಅದಕ್ಕೂ ಮುಂಚೆ, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಗಿಡ ಗಿಡ ನೋಡಿ ಕಾಂಡದ ಮೇಲೆ ಏಣು (ಉಬ್ಬು ಗೆರೆ) ಎದ್ದ ಗಿಡ ಕಿತ್ತು ಸುಟ್ಟುಬಿಡಿ. ಉಳಿದವುಗಳ ಸಡಿಲ ತೊಗಟೆಯನ್ನು ನಾರಿನ ಕೈಗವಸಿನಿಂದ ಉಜ್ಜಿ ಕಾಂಡಕ್ಕೆ ಸುಣ್ಣ ಬಳಿಯಿರಿ. ಕಾಯಿಕೊರಕಕ್ಕೆ ಕಾಯಿ ಉಳಿಸದೆ ಕೊಯ್ಯುವುದು, ಉದುರು ಕಾಯಿ ಹೆಕ್ಕಿಸುವುದು, ಕಣದ ಹತ್ತಿರ ಟ್ರ್ಯಾಪ್ ಕಟ್ಟುವುದು. 1925ರಿಂದ ಇರುವ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ನಮ್ಮ ಪಕ್ಕದಲ್ಲೇ ಇದೆ, ಹೋಗಿ ಕೇಳಿ.

ಹಳ್ಳ, ಕೆರೆ, ಹೊಂಡ

ಹಳ್ಳದ ಎರಡೂ ದಂಡೆಯಲ್ಲಿ ಕನಿಷ್ಠ ಹದಿನೈದು ಅಡಿ ಜಾಗಕ್ಕೆ ಕತ್ತಿಯೂ ಬೇಡ, ಔಷಧಿಯೂ ಬೇಡ. ಹೊಳೆಮತ್ತಿ, ರಾಮಪತ್ರೆ, ಕೇದಗೆ, ವಾಟೆ ಅಲ್ಲಿ ತಾವಾಗಿ ಬರುತ್ತವೆ. ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನಲ್ಲಿ ಎಲ್ಲೂ ಇಲ್ಲದ ಎಷ್ಟೋ ಕಪ್ಪೆಗಳು ಇಂಥ ನೆರಳಿನ ಹಳ್ಳಗಳಲ್ಲೇ ಮೊಟ್ಟೆ ಇಡುವುದು. ಅವುಗಳ ಚರ್ಮ ನೀರನ್ನೂ ವಿಷವನ್ನೂ ಎಳೆದುಕೊಳ್ಳುತ್ತದೆ.

ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಸಿಂಪಡಿಸಿದ ಡ್ರಮ್, ಪಂಪು ಹಳ್ಳದಲ್ಲಿ ತೊಳೆಯುವುದನ್ನು ನಿಲ್ಲಿಸಿ. ಮೈಲುತುತ್ತಿನ ತಾಮ್ರ ಮೀನು, ಗೊದಮೊಟ್ಟೆಗೆ ವಿಷ. ಶೇಕಡಾ 1ರ ದ್ರಾವಣ ಅಂದರೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. ಹೊಳೆಯುವ ಕಬ್ಬಿಣದ ಚೂರಿ ಅದ್ದಿ ನೋಡಿ. ಕೆಂಪು ಲೇಪ ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಬೇಕಾದಷ್ಟೇ ಕಲಸಿ, ಉಳಿಸಿ ಚೆಲ್ಲಬೇಡಿ.

ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ನೀರು ಇನ್ನೂ ಕೆಟ್ಟದ್ದು. ಹಣ್ಣಿನ ಸಿಹಿ ಲೋಳೆ ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ತಿಂದುಬಿಡುತ್ತದೆ, ಕೆಳಗಿನ ಮೀನು ಸಾಯುತ್ತವೆ, ಕೆಳಗಿನ ಊರಿನವರು ಅದೇ ನೀರು ಕುಡಿಯುತ್ತಾರೆ. ಹೊಂಡದಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ಇಳಿಸಬೇಕು. ಸಿಪ್ಪೆ ಗೊಬ್ಬರದ ಗುಂಡಿಗೆ ಹೋಗಲಿ.

ಸ್ಪ್ರಿಂಕ್ಲರ್‌ಗೆ ಅಂತ ಪ್ಲಾಸ್ಟಿಕ್ ಹಾಸಿದ ಹೊಂಡ ಮಾಡಿಸಿದ್ದರೆ ಇವತ್ತೇ ಒಂದು ಕೆಲಸ ಮಾಡಿ. ಒಂದು ಬದಿಗೆ ದಪ್ಪ ಹಗ್ಗದ ಬಲೆಯೋ, ಅಡ್ಡಪಟ್ಟಿ ಹೊಡೆದ ಹಲಗೆಯೋ ನೀರಿನ ತನಕ ಇಳಿಬಿಡಿ. ನೀರು ಕುಡಿಯಲು ಬಂದ ಜಿಂಕೆ, ಕಬ್ಬೆಕ್ಕು ಜಾರಿ ಬಿದ್ದರೆ ಆ ಪ್ಲಾಸ್ಟಿಕ್ ಮೇಲೆ ಹತ್ತಲು ಆಗುವುದೇ ಇಲ್ಲ. ಮಕ್ಕಳು ಬಿದ್ದರೂ ಅಷ್ಟೇ, ಸುತ್ತ ಬೇಲಿಯೂ ಇರಲಿ.

ಉರುಳು, ಬೇಲಿ, ಆನೆ

ತಿಂಗಳಿಗೊಮ್ಮೆ ಬೇಲಿ ಸಾಲು ನಡೆದು ನೋಡಿ. ಬೈಕಿನ ಕ್ಲಚ್ ವೈರ್‌ನಿಂದ ಮಾಡಿದ ಉರುಳು ಸಿಗಬಹುದು. ಕಾಡುಹಂದಿಗೆ ಅಂತ ಹಾಕುತ್ತಾರೆ, ಅದರಲ್ಲಿ ಚಿರತೆ, ಹುಲಿ ಸಿಕ್ಕಿ ನರಳಿ ಸಾಯುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಇದು ಅಪರಾಧ. ಕಂಡಿದ್ದನ್ನು ಕಿತ್ತು ಹಾಕಿ, ತೋಟದಲ್ಲಿ ಯಾರೂ ಹಾಕುವ ಹಾಗಿಲ್ಲ ಅಂತ ನೇರವಾಗಿ ಹೇಳಿ. ಬೇಲಿಗೆ ಮೇನ್ ಲೈನ್‌ನಿಂದ ಕರೆಂಟ್ ಕೊಡುವುದು ಕೊಲೆಗೆ ಸಮ, ಆನೆಯೂ ಸಾಯುತ್ತದೆ, ಮನುಷ್ಯರೂ ಸಾಯುತ್ತಾರೆ. ಸೋಲಾರ್ ಬೇಲಿ ಬಿಟ್ಟು ಬಿಟ್ಟು ಹೊಡೆಯುವ ಶಾಕ್ ಕೊಡುತ್ತದೆ, ನೋವಾಗುತ್ತದೆ, ಸಾಯುವುದಿಲ್ಲ. ತಂತಿಗೆ ಬಳ್ಳಿ ತಾಗದಂತೆ ಸವರಿಸುತ್ತಾ ಇರಬೇಕು, ಇಲ್ಲದಿದ್ದರೆ ಹಾಕಿದ್ದೂ ದಂಡ.

ಆನೆಯ ವಿಷಯದಲ್ಲಿ ಸುಲಭದ ಉತ್ತರ ಯಾರ ಹತ್ತಿರವೂ ಇಲ್ಲ. ಸಕಲೇಶಪುರ, ಆಲೂರು, ಸಿದ್ದಾಪುರ ಕಡೆ ಬೆಳಿಗ್ಗೆ ಕೆಲಸಕ್ಕೆ ಹೋದವರು ವಾಪಸ್ ಬರದ ಮನೆಗಳಿವೆ. ಅಂಥ ಕಡೆ ಆನೆಯನ್ನು ಪ್ರೀತಿಸಿ ಅಂತ ಉಪದೇಶ ಮಾಡಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಅಪಾಯ ಕಡಿಮೆ ಮಾಡಬಹುದು. ಲೈನ್ ಮನೆ, ಶಾಲೆ ದಾರಿ, ಕಣದ ಸುತ್ತ ಇರುವ ಹಲಸಿನ ಮರದ ಕಾಯಿಗಳನ್ನು ಹಣ್ಣಾಗುವ ಮುಂಚೆ ಇಳಿಸಿಬಿಡಿ, ತೋಟದ ಒಳಗಿನ ದೂರದ ಮರದಲ್ಲಿ ಬಿಡಿ. ಮನೆ ಹತ್ತಿರ ಬಾಳೆ ಬೇಡ, ಭತ್ತವನ್ನು ಭದ್ರವಾದ ಕೋಣೆಯಲ್ಲಿ ಇಡಿ. ಆನೆ ಎಲ್ಲಿದೆ ಅನ್ನುವ ಮೆಸೇಜ್ ಅರಣ್ಯ ಇಲಾಖೆಯವರಿಂದ ಬರುತ್ತದೆ, ನಿಮ್ಮ ರೈಟರ ಫೋನಿಗೂ ಅದು ಬರುವಂತೆ ಮಾಡಿಸಿ, ಅದನ್ನು ನೋಡದೆ ಬೆಳಿಗ್ಗೆ ಯಾರನ್ನೂ ಒಳಗೆ ಕಳಿಸಬೇಡಿ. ದಾರಿಯ ಎರಡೂ ಬದಿ ಹತ್ತು ಹತ್ತು ಅಡಿ ಸವರಿಸಿ ಮುಂದೆ ಕಾಣುವಂತೆ ಇಡಿ. ಪಟಾಕಿ ಹೊಡೆದು ಹಗಲಲ್ಲಿ ಓಡಿಸುವುದು ಬೇಡ, ಒಂದು ತೋಟದಿಂದ ಅಟ್ಟಿದ ಆನೆ ಸಿಟ್ಟಿನಲ್ಲಿ ಪಕ್ಕದ ತೋಟದ ಆಳುಗಳ ನಡುವೆ ನುಗ್ಗುತ್ತದೆ.

ಹಾಗಾಗಿ ಪಕ್ಕದ ತೋಟದವರ ಜೊತೆ ಮಾತಾಡಿಕೊಂಡೇ ಇರಬೇಕು. ಆನೆ ಎಲ್ಲಿದೆ, ಯಾರ ತೋಟದಲ್ಲಿ ಯಾವ ದಿನ ಸ್ಪ್ರೇ, ಯಾರದು ಯಾವಾಗ ಸ್ಪ್ರಿಂಕ್ಲರ್, ಹಳ್ಳದ ಮೇಲ್ಭಾಗದಲ್ಲಿ ಪಲ್ಪಿಂಗ್ ಯಾರದ್ದು. ವರ್ಷಕ್ಕೆ ಎರಡು ಸಲ, ಹೂಮಳೆಗೆ ಮುಂಚೆ ಒಮ್ಮೆ ಮತ್ತು ಕೊಯ್ಲಿಗೆ ಮುಂಚೆ ಒಮ್ಮೆ, ಒಂದೇ ಹಳ್ಳದ ನೀರು ಬಳಸುವ ನಾಲ್ಕೈದು ಮನೆಯವರು ಯಾರದಾದರೂ ಕಣದಲ್ಲಿ ಕೂತು ಕಾಫಿ ಕುಡಿಯುತ್ತಾ ಈ ದಿನಾಂಕಗಳನ್ನು ಬರೆದುಕೊಳ್ಳಿ. ಮರಗಳ ಪಟ್ಟಿ ಮಾಡಿದ ನೋಟ್‌ಬುಕ್ಕನ್ನೂ ತೆಗೆದುಕೊಂಡು ಹೋಗಿ, ಬೇಲಿಯ ಮೇಲೇ ನಿಂತಿರುವ ಮರಗಳನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಅಲ್ಲೇ ತೀರ್ಮಾನ ಮಾಡಿಬಿಡಬಹುದು.